ಅಂಗದ ರೋಗವೂ ಲಿಂಗದ ಪೂಜೆಯೂ

ವೀರಶೈವನಿಗೆ ಅಂಗವು ಲಿಂಗದ ನೆಲೆ. ಹಗಲಿರುಳೂ ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನು ಹೋದೆಡೆಗೆ ಅವನ ದೇವಾಲಯವೂ ಹೋಗುತ್ತದೆ. ಶರೀರವು ಗಟ್ಟಿಯಾಗಿರುವಾಗ ಈ ಮಾತನ್ನು ಒಪ್ಪುವುದು ಸುಲಭ. ಆದರೆ ಅದೇ ಅಂಗದಿಂದ ಮೂತ್ರದೊಡನೆ ರಕ್ತವು ಹರಿಯತೊಡಗಿದಾಗ, ಮೂತ್ರವನ್ನು ತಡೆದಿಡುವ ಶಕ್ತಿಯು ಕುಗ್ಗಿದಾಗ, ಹೊಟ್ಟೆಯ ಮೇಲೊಂದು ಚೀಲವನ್ನು ಅಂಟಿಸಿಕೊಂಡು ಬಾಳಬೇಕಾಗಿ ಬಂದಾಗ, ಆ ಅಂಗವು ಲಿಂಗಕ್ಕೆ ಯೋಗ್ಯವಾದ ನೆಲೆಯಾಗಿಯೇ ಉಳಿದಿರುವುದೇ? ಮೂತ್ರಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಭಕ್ತನನ್ನು ನೋವಿನಷ್ಟೇ ಹಿಂಡಬಲ್ಲ ಪ್ರಶ್ನೆಯಿದು.

ನುಗ್ಗೇಹಳ್ಳಿಯ ಸೀಮೆಯಲ್ಲಿ ತೆಂಗಿನ ತೋಟವನ್ನು ನೋಡಿಕೊಂಡಿರುವ, ಅರುವತ್ತು ದಾಟಿದ ಒಬ್ಬ ರೈತನನ್ನು ಭಾವಿಸಿಕೊಳ್ಳಬಹುದು. ಹರೆಯದಿಂದಲೂ ಬೀಡಿ ಸೇದಿದವನು. ಒಂದು ಬೆಳಿಗ್ಗೆ ಮೂತ್ರವು ಕೆಂಪಾಗಿ ಕಾಣುತ್ತದೆ; ನೋವಿಲ್ಲ. ಉಷ್ಣವಾಗಿರಬೇಕೆಂದು ಎಳನೀರು ಕುಡಿಯುತ್ತಾನೆ. ಎರಡು ದಿನದಲ್ಲಿ ಬಣ್ಣವು ತಿಳಿಯಾಗುತ್ತದೆ. ಹೆಂಡತಿಗೂ ಹೇಳುವುದಿಲ್ಲ. ಆದರೆ ನೋವಿಲ್ಲದೆ ಬರುವ ರಕ್ತವೇ ಈ ರೋಗದ ಸಾಮಾನ್ಯವಾದ ಮೊದಲ ಸೂಚನೆ. ಅದು ಒಮ್ಮೆ ನಿಂತು ಮತ್ತೆ ಬರುವುದೂ ಉಂಟು. ತಂಬಾಕಿನ ಹೊಗೆಯ ವಿಷವು ರಕ್ತದಲ್ಲಿ ಬೆರೆತು, ಮೂತ್ರಪಿಂಡಗಳಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುವುದರಿಂದ ಅಲ್ಲಿಯ ಒಳಪದರವು ಕೆಡುತ್ತದೆ. ಸ್ತ್ರೀಯರಿಗಿಂತ ಪುರುಷರಲ್ಲಿ ಈ ರೋಗವು ಮೂರು ನಾಲ್ಕು ಪಟ್ಟು ಹೆಚ್ಚು. ತಡಮಾಡಿದಷ್ಟೂ ಅದು ಆಳಕ್ಕಿಳಿಯುತ್ತದೆ. ಹೀಗಾಗಿ ಆ ರೈತನ ಮೊದಲ ಶತ್ರು ರೋಗವಲ್ಲ, ಲಜ್ಜೆ.

ಅವನು ಕೊನೆಗೆ ಹಾಸನದ ಆಸ್ಪತ್ರೆಗೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋದನೆನ್ನೋಣ. ವೈದ್ಯರು ಮೂತ್ರದ್ವಾರದಿಂದಲೇ ಉಪಕರಣವನ್ನಿಳಿಸಿ ಗೆಡ್ಡೆಯನ್ನು ಕೆತ್ತಿ ತೆಗೆಯುತ್ತಾರೆ. ರೋಗವು ಒಳಪದರದಲ್ಲಿಯೇ ಇದ್ದು, ಮರಳುವ ಭಯವು ಹೆಚ್ಚಾಗಿದ್ದರೆ, ಬಿ.ಸಿ.ಜಿ. ಔಷಧವನ್ನು ಮೂತ್ರಕೋಶದೊಳಕ್ಕೆ ಬಿಡುತ್ತಾರೆ. ಇದು ಕ್ಷಯರೋಗವನ್ನು ತಡೆಯಲೆಂದು 1921ರಲ್ಲಿ ಮನುಷ್ಯರಿಗೆ ಮೊದಲು ಕೊಟ್ಟ, ಇಂದಿಗೂ ಹಸುಗೂಸುಗಳ ತೋಳಿಗೆ ಚುಚ್ಚುವ ಲಸಿಕೆಯ ಜಾತಿಯದೇ. ಇದು ಮೂತ್ರಕೋಶದ ಕ್ಯಾನ್ಸರಿಗೂ ಒದಗುವುದೆಂದು ಕೆನಡಾದ ವೈದ್ಯ ಮೊರೇಲ್ಸರು 1976ರಲ್ಲಿ ಪ್ರಕಟಿಸಿದರು. ಮೊದಲ ಸುತ್ತಿನಲ್ಲಿ ವಾರಕ್ಕೊಮ್ಮೆಯಂತೆ 6 ವಾರ. ಪ್ರತಿಸಲವೂ ಸುಮಾರು 2 ಗಂಟೆ ಔಷಧವನ್ನು ಒಳಗೆ ಹಿಡಿದಿರಬೇಕು. ಅದು ಶರೀರದ ಸ್ವಂತ ರಕ್ಷಣಾಶಕ್ತಿಯನ್ನೇ ರೋಗದ ಮೇಲೆ ಎಬ್ಬಿಸುತ್ತದೆ. ಆ ಎಬ್ಬಿಸುವಿಕೆಯ ಫಲವೇ ಉರಿ, ಅಡಿಗಡಿಗೆ ಮೂತ್ರಕ್ಕೆ ಏಳುವುದು, ಸ್ವಲ್ಪ ರಕ್ತ, ಮೈಬಿಸಿ, ಆಯಾಸ. ಇವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಜ್ವರವು ಏರಿದರೆ, ಚಳಿ ನಡುಕ ಬಂದರೆ, ಎರಡು ದಿನ ಕಳೆದರೂ ಬಿಡದಿದ್ದರೆ, ಸಹನೆಯು ಭಕ್ತಿಯೆಂದು ಸುಮ್ಮನಿರದೆ ವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು. ರೋಗವು ಮರಳುವ ಸ್ವಭಾವದ್ದಾದುದರಿಂದ ಮತ್ತೆ ಮತ್ತೆ ಪರೀಕ್ಷೆಗೆ ಹೋಗುವುದೂ ಚಿಕಿತ್ಸೆಯ ಭಾಗವೇ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಈ ಔಷಧವಾದ ಮೇಲೆ ಸುಮಾರು 6 ಗಂಟೆಗಳವರೆಗೆ ಕುಳಿತು ಮೂತ್ರ ಮಾಡಬೇಕೆಂದೂ, ಶೌಚಾಲಯಕ್ಕೆ ಬ್ಲೀಚಿಂಗ್ ದ್ರವವನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಹೊಯ್ಯಬೇಕೆಂದೂ ಆಸ್ಪತ್ರೆಯವರು ಹೇಳುತ್ತಾರೆ. ಔಷಧದಲ್ಲಿ ಜೀವಂತ ಅಣುಗಳಿರುವುದೇ ಇದಕ್ಕೆ ಕಾರಣ. ಮನೆಯವರು ಇದನ್ನು ಕೇಳಿ ರೋಗಿಯ ತಟ್ಟೆಯನ್ನು ಬೇರೆಯಿಟ್ಟರೆ, ಮೊಮ್ಮಕ್ಕಳನ್ನು ದೂರವಿಟ್ಟರೆ, ಪೂಜೆಯ ಕೋಣೆಗೆ ಬರಬೇಡವೆಂದರೆ, ಶುಚಿಯ ನಿಯಮವು ಸೂತಕದ ನಿಯಮವಾಗಿ ಬಿಟ್ಟಂತೆಯೇ ಸರಿ. ಕ್ಯಾನ್ಸರು ಮುಟ್ಟಿದರೆ ಅಂಟುವ ರೋಗವಲ್ಲ. ಶುಚಿಯು ನೀರು ಸಾಬೂನುಗಳಿಂದ ಮುಗಿಯುವ ಕೆಲಸ. ಸೂತಕವು ಮನುಷ್ಯನನ್ನೇ ಹೊರಗಿಡುವ ಭಾವ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಶರಣಧರ್ಮದ ಸ್ಪಷ್ಟ ನಿಲುವು. ಸ್ತ್ರೀಯ ರಜಸ್ಸನ್ನೇ ಸೂತಕವೆಂದೊಪ್ಪದ ಧರ್ಮವು ರೋಗಿಯ ರಕ್ತವನ್ನೂ ಮೂತ್ರವನ್ನೂ ಆರನೆಯ ಸೂತಕವನ್ನಾಗಿ ಮಾಡೀತೆ?

ಒದ್ದೆಯಾದ ಅರಿವೆಯಲ್ಲಿ ಲಿಂಗವನ್ನು ಕೈಗೆ ತೆಗೆದುಕೊಳ್ಳುವುದು ಅನಾದರವಲ್ಲವೇ ಎಂದು ಹಿರಿಯರು ಕೇಳಬಹುದು. ಕೇಳತಕ್ಕ ಮಾತೇ. ಬಟ್ಟೆಯನ್ನು ಬದಲಿಸಿ, ಕೈಕಾಲು ತೊಳೆದು, ವಿಭೂತಿಯನ್ನು ಧರಿಸಿ ಕುಳಿತರೆ ಸಾಕು. ನಡುವೆ ಏಳಬೇಕಾದರೆ ಎದ್ದು, ತೊಳೆದುಕೊಂಡು ಬಂದು, ಬಿಟ್ಟಲ್ಲಿಂದ ತೊಡಗಬಹುದು. ಒಂದು ಗಂಟೆಯ ಪೂಜೆಯು ಹತ್ತು ನಿಮಿಷದ್ದಾದರೆ ಕುಂದೇನೂ ಇಲ್ಲ. ಅಳತೆಯನ್ನು ಶರೀರವು ಕೊಟ್ಟಷ್ಟಕ್ಕೆ ಇಳಿಸಬಹುದು. ಪೂಜೆಯನ್ನೇ ಬಿಡುವುದು ಬೇಡ.

ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನ ಉಪಕರಣವನ್ನು ಬಳಸುವುದರಿಂದ ಬೆಳ್ಳಿಯ ಕರಡಿಗೆಯನ್ನು ತೆಗೆಯಿರೆಂದು ಹೇಳಬಹುದು. ಅಂಗದಿಂದ ಲಿಂಗವನ್ನು ಅಗಲಿಸುವುದು ಭಕ್ತನಿಗೆ ಪ್ರಾಣಸಂಕಟ. ಆದರೆ ಇಷ್ಟಲಿಂಗವೊಂದೇ ಅಲ್ಲ, ಪ್ರಾಣಲಿಂಗವೂ ಭಾವಲಿಂಗವೂ ಇವೆಯೆಂದು ಶಾಸ್ತ್ರವೇ ಹೇಳುತ್ತದೆ. ಇವೆರಡನ್ನು ತೆಗೆಯಬಲ್ಲ ಶಸ್ತ್ರವಿಲ್ಲ. ಆ ಕೆಲವು ಗಂಟೆ ಕರಡಿಗೆಯನ್ನು ಮನೆಯವರ ಕೈಯಲ್ಲಿರಿಸಿ, ಎಚ್ಚರವಾದ ಮೇಲೆ ಮರಳಿ ಧರಿಸುವವನು ಲಿಂಗವನ್ನು ಬಿಟ್ಟವನಲ್ಲ.

ರೋಗವು ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಆಗ ಸಣ್ಣ ಕರುಳಿನ ಗೇಣಿನಷ್ಟು ತುಂಡಿನಿಂದ ಹೊಸ ದಾರಿಯನ್ನು ಮಾಡಿ, ಹೊಟ್ಟೆಯ ಬಲಭಾಗದಲ್ಲಿ ಬಾಯಿ ತೆರೆದು, ಮೇಲೆ ಚೀಲವನ್ನು ಅಂಟಿಸುವ ಪದ್ಧತಿಯುಂಟು. ಜೊತೆಗೆ ಕೊಡುವ ತೀವ್ರ ಔಷಧಗಳಿಂದ ವಾಕರಿಕೆ, ನಿಶ್ಶಕ್ತಿ, ಕೈಕಾಲು ಜೋಮು ಬರಬಹುದು. ದಾಂಪತ್ಯದ ಶಕ್ತಿಯೂ ಕುಂದಬಹುದು. ಇದನ್ನು ಸತಿಪತಿಗಳು ಮುಚ್ಚಿಡದೆ ವೈದ್ಯರೊಡನೆ ಆಡಬೇಕು. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳರ ಕಾಲದ ಸದಾಶಿವ ದೇವಾಲಯವೂ ಇದೆ. ಶಿವಾಲಯದ ಗರ್ಭಗುಡಿಯಲ್ಲಿ ನೀರು ಹೊರಹೋಗಲು ಒಂದು ಹಾದಿಯನ್ನು ಬಿಟ್ಟೇ ಶಿಲ್ಪಿಯು ಕಟ್ಟುತ್ತಾನೆ. ಆ ಹಾದಿಯು ಕಟ್ಟಿಕೊಂಡರೆ ಬೇರೊಂದನ್ನು ತೆರೆಯುತ್ತಾರೆಯೇ ಹೊರತು, ಗುಡಿಯು ಮೈಲಿಗೆಯಾಯಿತೆಂದು ದೇವರನ್ನು ತೊರೆಯುವುದಿಲ್ಲ. ಕಲ್ಲಿನ ಗುಡಿಗೆ ಸಲ್ಲುವ ಈ ವಿವೇಕವು, ಶರಣರು ಅದಕ್ಕಿಂತ ಹಿರಿದೆಂದ ಈ ಜೀವಂತ ಗುಡಿಗೆ ಸಲ್ಲಬೇಡವೇ?

ಇನ್ನೊಂದು ಮಾತು ಹಳ್ಳಿಯ ಜಗಲಿಗಳಲ್ಲಿ ಕೇಳಬರುತ್ತದೆ: ಇದು ಮಾಡಿದ ಕರ್ಮವೆಂದು. ತಂಬಾಕು ಕಾರಣವೆಂದು ತಿಳಿದವನು ಅದನ್ನು ಇಂದೇ ಬಿಡಬೇಕು, ಮಕ್ಕಳಿಗೂ ಬಿಡಿಸಬೇಕು. ಅಷ್ಟರಲ್ಲಿ ಕಾರಣದ ವಿಚಾರವು ಮುಗಿಯಿತು. ಬೀಡಿಯನ್ನೇ ಮುಟ್ಟದವರಿಗೂ ಈ ರೋಗವು ಬರುತ್ತದೆ. ಮಲಗಿದವನ ತಲೆಯ ಬಳಿ ಕುಳಿತು ಪಾಪದ ಲೆಕ್ಕ ಹಾಕುವುದು ಶಿವಭಕ್ತಿಯಲ್ಲ; ದಯೆಯಿಲ್ಲದೆಡೆ ಧರ್ಮವನ್ನು ಒಪ್ಪದವರು ಶರಣರು.

ಆದುದರಿಂದ ಕರ್ತವ್ಯವು ರೋಗಿಯೊಬ್ಬನದೇ ಅಲ್ಲ. ಉರಿಗೆ ಹೆದರಿ, ಏಳುವುದಕ್ಕೆ ನಾಚಿ, ನೀರು ಕುಡಿಯುವುದನ್ನೇ ಬಿಡುವವರುಂಟು; ವೈದ್ಯರು ಬೇಡವೆಂದ ಹೊತ್ತನ್ನುಳಿದು ಧಾರಾಳವಾಗಿ ಕುಡಿಯಲು ಮನೆಯವರು ನೆನಪಿಸಬೇಕು. ಚೀಲವು ತುಂಬಿ ಭಾರವಾಗುವ ಮೊದಲೇ ಬರಿದುಮಾಡುವುದನ್ನು ಮನೆಯಲ್ಲಿ ಇನ್ನೊಬ್ಬರಾದರೂ ಕಲಿತಿರಬೇಕು. 2018ರಿಂದ ನಡೆದುಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಅಕ್ಷರ ಬಲ್ಲ ನೆರೆಯವನು ಆ ಕಾಗದಗಳನ್ನು ಸರಿಮಾಡಿಕೊಟ್ಟರೆ ಅದೂ ದಾಸೋಹವೇ. ಮಠಗಳಲ್ಲಿ ಪ್ರವಚನವಾಗುವಾಗ ಅಡಿಗಡಿಗೆ ಏಳಬೇಕಾದವನಿಗೆ ಬಾಗಿಲ ಬಳಿಯಲ್ಲೊಂದು ಪೀಠ, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯ, ಪಂಕ್ತಿಯ ತುದಿಯಲ್ಲೊಂದು ಎಲೆ ಇವಿಷ್ಟನ್ನು ಏರ್ಪಡಿಸುವುದು ಕಷ್ಟವಲ್ಲ.

ರೋಗವು ಗುಣವಾಗಬಹುದು, ಮರಳಬಹುದು. ಯಾವುದೂ ಭಕ್ತನ ಕೈಯಲ್ಲಿಲ್ಲ. ಆದರೆ ಉರಿಯ ನಡುವೆ ಎದ್ದು, ಮೈ ತೊಳೆದು, ನಡುಗುವ ಅಂಗೈಯಲ್ಲಿ ಲಿಂಗವನ್ನಿರಿಸಿ ನೋಡುವುದು ಅವನ ಕೈಯಲ್ಲಿದೆ. ಆ ಅಂಗೈಯನ್ನು ಲಿಂಗವು ಎಂದೂ ಒಲ್ಲೆನೆಂದಿಲ್ಲ. ಒಲ್ಲೆವೆನ್ನುವ ಅಧಿಕಾರವು ಉಳಿದವರಿಗೂ ಇಲ್ಲ.