ದೀಪ ಹತ್ತುವ ಮುಂಚೆ

ಕಾರಿನ ಇಂಜಿನಿನಲ್ಲಿ ಎಣ್ಣೆ ಕಡಿಮೆಯೆಂದು ತಿಳಿದೂ ಓಡಿಸುವದು ಬರೀ ಅಜಾಗ್ರತೆಯೋ, ಅಪರಾಧವೋ? ಪ್ರಿಯರೇ, ನಾವು ಇದನ್ನು ವಿಚಾರಿಸೋಣ.

ಎಣ್ಣೆಯು ತಿರುಗುವ ಲೋಹಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ತಿಕ್ಕಾಟವನ್ನು ತಡೆಯುತ್ತದೆ, ಕಾವನ್ನೂ ಹೊತ್ತೊಯ್ಯುತ್ತದೆ. ಅದು ಕುಗ್ಗಿದರೂ ಗಾಡಿಯು ಕೆಲವು ಕಾಲ ಚೆನ್ನಾಗಿಯೇ ಓಡುವದು, ಮೋಸವಿರುವದು ಇಲ್ಲಿಯೇ. ಕೆಂಪು ದೀಪವು ಸಾಮಾನ್ಯವಾಗಿ ಎಣ್ಣೆಯ ಮಟ್ಟವನ್ನಲ್ಲ, ಅದರ ಒತ್ತಡವು ಬಿದ್ದುಹೋದದ್ದನ್ನು ತಿಳಿಸುತ್ತದೆ. ಆಗಲೂ ನಿಲ್ಲಿಸದಿದ್ದರೆ ಲೋಹವು ಲೋಹವನ್ನು ತಿನ್ನುವದು. ಆದದರಿಂದ ‘ದೀಪ ಹತ್ತಲಿಲ್ಲವಲ್ಲ’ ಎಂಬದು ನೆವವೇ ಹೊರತು ಉತ್ತರವಲ್ಲ.

ಸಮನೆಲದಲ್ಲಿ ಇಂಜಿನನ್ನು ಆರಿಸಿ, ತುಸು ತಾಳಿ, ಅಳತೆಕಡ್ಡಿಯನ್ನು ಒರಸಿ ಅದ್ದಿ, ಎಣ್ಣೆಯು 2 ಗುರುತುಗಳ ನಡುವೆ ಇದೆಯೋ ಎಂದು ನೋಡುವದಕ್ಕೆ 10 ನಿಮಿಷ ಸಾಕು. ತಿಳಿಯದವನ ತಪ್ಪು ಚಿಕ್ಕದು. ತಿಳಿದೂ ನಾಳೆಗೆ ನೂಕಿದವನ ತಪ್ಪು ದೊಡ್ಡದು. ಯಾಕಂದರೆ ಅವನನ್ನು ನಂಬಿ ಹಿಂದೆ ಕೂತವರು ಆ ಕಡ್ಡಿಯನ್ನು ನೋಡಲಾರರು.