ಮುಟ್ಟುವ ಮುನ್ನ

ನಮ್ಮ ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಯಿತೇ ಎಂದು ತಿಳಿಯಲು ಸ್ವಿಚ್ಚು ಒತ್ತಿ ನೋಡಬೇಕಾಗಿಲ್ಲ. ಬೀದಿಯ ಮಗ್ಗಗಳ ಸದ್ದು ನಿಂತರೆ ಹೋಯಿತೆಂದು ಅರ್ಥ, ಮತ್ತೆ ಟಕಟಕ ಶುರುವಾದರೆ ಬಂತೆಂದು ಅರ್ಥ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಈಗ ಸದ್ದು ನಿಂತರೆ ಎಚ್ಚರವಾಗುತ್ತದೆ! ಇಷ್ಟು ವರ್ಷ ಈ ಊರಲ್ಲಿ ಬಾಳಿದವಳಿಗೆ ಕರೆಂಟಿನ ವಿಷಯದಲ್ಲಿ ಗೊತ್ತಿಲ್ಲದ್ದು ಏನಿದೆ ಎಂಬ ಸಣ್ಣ ಜಂಬವೊಂದು ನನ್ನಲ್ಲಿತ್ತು. ಅದು ಇಳಿದದ್ದು ಹೋದ ಬೇಸಿಗೆಯಲ್ಲಿ, ಪೆನ್ನಿನಷ್ಟು ಉದ್ದದ ಒಂದು ಟೆಸ್ಟರಿನಿಂದ.

ಅಡುಗೆಮನೆಯ ಮಿಕ್ಸಿ ಪಾಯಿಂಟು ಕೆಟ್ಟಿತ್ತು. ಎರಡು ದಿನ ಒರಳಲ್ಲಿ ಚಟ್ನಿ ರುಬ್ಬಿ ರಟ್ಟೆ ನೋಯಿಸಿಕೊಂಡ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿ ಕಳಿಸಿದೆ. ನೇಕಾರರ ಮನೆಯ ಹುಡುಗ. ಹುಡುಗ ಎಂದರೂ ಈಗ ಮೂವತ್ತು ದಾಟಿ ಎರಡು ಮಕ್ಕಳ ತಂದೆ. ಮಗ್ಗದ ಮನೆಗಳ ಮೋಟಾರು, ವೈರಿಂಗ್ ಎಲ್ಲ ಅವನದೇ ಕೆಲಸ. ಬಂದವನು ಚಪ್ಪಲಿ ಹೊರಗೆ ಬಿಟ್ಟ. ಜೇಬಿನಿಂದ ಟೆಸ್ಟರು ತೆಗೆದು ಮೊದಲು ಹಜಾರದ ಪ್ಲಗ್ಗಿಗೆ ಇಟ್ಟು ನೋಡಿದ. ಕೆಂಪಗೆ ಹತ್ತಿಕೊಂಡಿತು.

"ಅಲ್ಲೇನೂ ಕೆಟ್ಟಿಲ್ಲ ಕಣಪ್ಪ, ಕೆಟ್ಟಿರೋದು ಅಡುಗೆಮನೇಲಿ" ಎಂದೆ.

"ಗೊತ್ತು ಮಿಸ್. ಇದು ನೆಟ್ಟಗಿದೆಯಾ ಅಂತ ನೋಡ್ದೆ" ಎಂದ.

ನಾನೇ ಹೋಗಿ ಮೇನ್ ಸ್ವಿಚ್ಚು ಕೆಳಗಿಳಿಸಿ ಬಂದೆ. "ಆಫ್ ಮಾಡಿದ್ದೀನಿ, ಧೈರ್ಯವಾಗಿ ಮಾಡು." ಅವನು ಬೋರ್ಡಿನ ತಿರುಪು ಬಿಚ್ಚಿದ, ಮುಚ್ಚಳ ಸರಿಸಿದ, ಮತ್ತೆ ಟೆಸ್ಟರು ಕೈಗೆತ್ತಿಕೊಂಡ. ನನಗೆ ಎಲ್ಲೋ ಚುರುಕ್ ಎಂದಿತು. ಆರನೇ ತರಗತಿಯಿಂದ ಪಾಠ ಹೇಳಿದ ಟೀಚರು ಖುದ್ದಾಗಿ ಹೋಗಿ ಆಫ್ ಮಾಡಿ ಬಂದಿದ್ದಾಳೆ, ಆ ಮಾತಿಗೂ ಪರೀಕ್ಷೆಯೇ?

"ಯಾಕೋ, ನನ್ನ ಮಾತಿನ ಮೇಲೆ ನಂಬಿಕೆ ಇಲ್ವೇನೋ?" ಎಂದು ನಗುತ್ತಲೇ ಕೇಳಿದೆ. ಆದರೆ ಅದು ಪೂರ್ತಿ ನಗುವಾಗಿರಲಿಲ್ಲ.

ಅವನು ಉತ್ತರ ಕೊಡುವ ಮೊದಲೇ ಟೆಸ್ಟರು ಕೊಟ್ಟಿತು. ಕೆಂಪಗೆ ಉರಿಯಿತು.

ನೋಡಿ, ಮೂರು ವರ್ಷದ ಹಿಂದೆ ಮನೆಗೆ ಇನ್ವರ್ಟರು ಹಾಕಿಸಿದಾಗ ಅಡುಗೆಮನೆಯ ಟ್ಯೂಬ್‌ಲೈಟಿನ ತಂತಿಯನ್ನು ಅದಕ್ಕೆ ಸೇರಿಸಿದ್ದರು. ಆ ತಂತಿ ಇದೇ ಬೋರ್ಡಿನೊಳಗೆ ಹಾದುಹೋಗಿತ್ತು. ಮೇನ್ ಸ್ವಿಚ್ಚು ಇಳಿಸಿದರೆ ಇನ್ವರ್ಟರು "ಕರೆಂಟು ಹೋಯಿತು" ಎಂದು ತಿಳಿದು ತಾನೇ ಎದ್ದು ಕೆಲಸ ಶುರು ಮಾಡುತ್ತದೆ. ನಾನು ಸುಳ್ಳು ಹೇಳಿರಲಿಲ್ಲ. ಆಫ್ ಮಾಡಿದ್ದು ನಿಜ. ಆ ನಿಜವನ್ನು ನಂಬಿ ಅವನು ಬೆರಳಿಟ್ಟಿದ್ದರೆ? 230 ವೋಲ್ಟು ಎಂಬುದು ಟೀಚರ ಮಾತೆಂದು ಮರ್ಯಾದೆ ಕೊಡುವುದಿಲ್ಲ. ನನ್ನ ಕಾಲು ನಡುಗತೊಡಗಿತು. ಅಲ್ಲೇ ಇದ್ದ ಮಣೆಯ ಮೇಲೆ ಕುಳಿತುಬಿಟ್ಟೆ.

ಅವನು ಮಾತ್ರ ಏನೂ ಆಗದವನಂತೆ ಇನ್ವರ್ಟರನ್ನೂ ಆರಿಸಿ ಬಂದು ಬೋರ್ಡಿಗೆ ಟೆಸ್ಟರು ಇಟ್ಟ. ಈಗ ಉರಿಯಲಿಲ್ಲ. ಇನ್ನು ಶುರು ಮಾಡುತ್ತಾನೆ ಎಂದುಕೊಂಡರೆ ಇಲ್ಲ! ಮೀಟರಿನ ಹತ್ತಿರ ಹೋಗಿ, ಕಂಬದಿಂದ ಬರುವ ತಂತಿಯ ಕಡೆಗೆ ಇಟ್ಟು, ಅಲ್ಲಿ ಉರಿಯುವುದನ್ನು ನೋಡಿಕೊಂಡು ಬಂದ. "ಉರೀಲಿಲ್ಲ ಅಂದ್ರೆ ಕರೆಂಟ್ ಇಲ್ಲ ಅಂತ ಅಲ್ಲ ಮಿಸ್. ಟೆಸ್ಟರೇ ಕೆಟ್ಟಿದ್ರೂ ಉರಿಯಲ್ಲ." ಕೇಡಿಲ್ಲ ಎಂಬುದಕ್ಕೆ ಮೌನ ಸಾಕ್ಷಿಯಲ್ಲ ಎಂಬುದನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ಆ ದಿನ ರಾತ್ರಿಯಿಡೀ ನನಗೆ ಇದೇ ಯೋಚನೆ. ಇನ್ನೊಬ್ಬರ ಮಾತನ್ನು ಪರೀಕ್ಷಿಸಿ ನೋಡುವುದು ಅಪನಂಬಿಕೆಯೇ? ಹಾಗಾದರೆ ನಾವು ಹೆಂಗಸರು ಬೆಳಗಿನಿಂದ ಮಾಡುವುದೆಲ್ಲ ಅಪನಂಬಿಕೆಯೇ. ಅಗುಳು ಹಿಸುಕಿ ನೋಡುತ್ತೇವೆ. ಸೊಸೆ ಆರಿಸಿದ್ದೇನೆ ಎಂದರೂ ಮಲಗುವ ಮುಂಚೆ ಗ್ಯಾಸಿನ ತಿರುಪು ಮುಟ್ಟಿ ಬರುತ್ತೇವೆ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕದೆ ತಾಯಿಯ ಬಳೆಯನ್ನೂ ಕೊಳ್ಳುವುದಿಲ್ಲ. ಇದರಿಂದ ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಇನ್ನೊಂದು ಬಗೆಯ ಪರೀಕ್ಷೆಯೂ ಇದೆ ಎಂಬುದು ನಿಮಗೂ ಗೊತ್ತು. ತರಕಾರಿ ತಂದ ಚಿಲ್ಲರೆಯನ್ನು ಎದುರಿಗೇ ಮೂರು ಸಲ ಎಣಿಸುವ ಗಂಡ, ಸೊಸೆ ಮಾಡಿದ ಸಾರನ್ನು ಮಾತ್ರ ರುಚಿ ನೋಡಿ ಬಡಿಸುವ ಅತ್ತೆ. ಅದೂ ಪರೀಕ್ಷೆಯೇ, ಆದರೆ ಅದು ಸುಡುತ್ತದೆ. ಎರಡಕ್ಕೂ ಏನು ವ್ಯತ್ಯಾಸ?

ನಾನು ಬಿ.ಎ. ಓದಿದವಳು, ಸಮಾಜ ಪಾಠ ಹೇಳುವವಳು. ಆದ್ದರಿಂದ ಮರುದಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟರನ್ನು ಹಿಡಿದು ಕೂರಿಸಿ, ಈ ಟೆಸ್ಟರು ಉರಿಯುವುದಾದರೂ ಹೇಗೆ ಎಂದು ಕೇಳಿದೆ. ಅವರು ಹೇಳಿದ್ದು ಕೇಳಿ ಬೆರಗಾದೆ. ಅದರೊಳಗೆ ಬ್ಯಾಟರಿ ಇಲ್ಲ. ಇರುವುದು ನಿಯಾನ್ ಅನಿಲ ತುಂಬಿದ ಒಂದು ಪುಟ್ಟ ಬಲ್ಬು, ವಿದ್ಯುತ್ತನ್ನು ಬಿಗಿಯಾಗಿ ತಡೆಯುವ ಒಂದು ರೋಧಕ, ಒಂದು ಸ್ಪ್ರಿಂಗು. ಹಿಂದಿನ ಲೋಹದ ತುದಿಯನ್ನು ನಾವು ಬೆರಳಿನಿಂದ ಮುಟ್ಟಿಕೊಂಡಿದ್ದರೆ ಮಾತ್ರ ಅದು ಉರಿಯುತ್ತದೆ. ಏಕೆಂದರೆ ವಿದ್ಯುತ್ತು ಬಲ್ಬಿನಿಂದ ನಮ್ಮ ಮೈಗೆ ಹಾದು ನೆಲಕ್ಕೆ ಹೋಗಬೇಕು. ಒಂದು ಮಿಲಿಆಂಪಿಯರಿಗಿಂತ ಕಡಿಮೆ, ನಮ್ಮ ಅರಿವಿಗೂ ಬಾರದಷ್ಟು. ಮನೆಗೆ ಹಾಕಿಸುವ ಪ್ರಾಣರಕ್ಷಕ ಸ್ವಿಚ್ಚುಗಳು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿದರೆ ಕಡಿದುಕೊಳ್ಳುವಂಥವು. ಅದರೆದುರು ಇದು ಏನೂ ಅಲ್ಲ. ಆದರೂ ಸೊನ್ನೆಯಲ್ಲ! ಪರೀಕ್ಷೆ ಮಾಡುವವನು ಆ ಅಪಾಯದ ಒಂದು ಕಣವನ್ನು ತನ್ನ ಮೈಯೊಳಗೆ ಹಾಯಿಸಿಕೊಂಡೇ ನಿಜವನ್ನು ತಿಳಿಯುತ್ತಾನೆ. ಒಣ ಮರದ ಸ್ಟೂಲಿನ ಮೇಲೆ, ನೆಲದ ಸಂಬಂಧ ಕಡಿದುಕೊಂಡು ನಿಂತವನಿಗೆ ಅದೇ ಟೆಸ್ಟರು ಮಂಕಾಗಿ ಉರಿಯುತ್ತದೆ.

ಮೇಷ್ಟರು ಇನ್ನೊಂದು ಮಾತು ಹೇಳಿದರು. ಅದು ನನ್ನ ಪಾಠಕ್ಕೇ ಸೇರಬೇಕಾದದ್ದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ತಂದಿತು ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ! ಆ ವಿದ್ಯುತ್ತನ್ನು ಗುರುತಿಸುವ ನಿಯಾನಿಗೂ ಬೆಂಗಳೂರಿಗೂ ನಂಟಿದೆ ಎಂದು ಗೊತ್ತಿರಲಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಬರೀ 18 ಭಾಗ ಇರುವ ಈ ಅನಿಲವನ್ನು 1898ರಲ್ಲಿ ಲಂಡನ್ನಿನಲ್ಲಿ ಬೇರ್ಪಡಿಸಿ ಕಂಡವರು ವಿಲಿಯಂ ರಾಮ್ಸೆ ಮತ್ತು ಮೋರಿಸ್ ಟ್ರಾವರ್ಸ್. ಹೊಸದು ಎಂಬ ಅರ್ಥದ ಹೆಸರನ್ನು ಮೊದಲು ಸೂಚಿಸಿದವನು ರಾಮ್ಸೆಯ ಹದಿಮೂರು ವರ್ಷದ ಮಗನಂತೆ. ತಂದೆ ಅದನ್ನೇ ಗ್ರೀಕಿಗೆ ತಿರುಗಿಸಿ ನಿಯಾನ್ ಎಂದಿಟ್ಟರು. ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ಸರಿಯಾದ ಜಾಗ ಎಂದು ಸಲಹೆ ಕೊಟ್ಟವರು ಇದೇ ರಾಮ್ಸೆ. 1906ರಲ್ಲಿ ಅದರ ಮೊದಲ ನಿರ್ದೇಶಕರಾಗಿ ಬಂದವರು ಇದೇ ಟ್ರಾವರ್ಸ್. ನಿಯಾನಿನ ಚಿಕ್ಕ ಮಿನುಗುದೀಪ ಅಮೆರಿಕದಲ್ಲಿ ತಯಾರಾದದ್ದು 1917ರ ಸುಮಾರಿಗೆ. ಅದು ತಿರುಪುಳಿಯ ಹಿಡಿಯೊಳಗೆ ಸೇರಿ ನಮ್ಮ ಹುಡುಗರ ಜೇಬಿಗೆ ಬಂತು.

ಇಂಥದ್ದನ್ನು ಮಾಡುವವರ ಮನಸ್ಸು ಹೇಗಿರಬಹುದು? ಲೋಕದಲ್ಲಿ ಕೆಟ್ಟವರಿದ್ದಾರೆ ಎಂದುಕೊಂಡು ಬೀಗ ಮಾಡಿದರು. ಟೆಸ್ಟರು ಹಾಗಲ್ಲ. ಒಳ್ಳೆಯವರೂ ಮರೆಯುತ್ತಾರೆ, ಬಲ್ಲವರೂ ತಪ್ಪುತ್ತಾರೆ ಎಂದುಕೊಂಡು ಮಾಡಿದ್ದು ಅದು. ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರ ಹೆಸರು ಕೇಳಿರುತ್ತೀರಿ. ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ ಎಂದು ರೈತರಿಗಾಗಿ ಎಷ್ಟೋ ಸಾಧನ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದವರು. ಅವರ ಮೊದಲ ಸಾಧನ ಯಾವುದು ಗೊತ್ತೇ? ಬೆಳಗ್ಗೆ ಏಳಲಾಗದ ತಮಗಾಗಿ ಮಾಡಿಕೊಂಡ ಅಲಾರಂ. ಗಡಿಯಾರದ ಕೀಲಿಗೆ ದಾರ, ದಾರಕ್ಕೆ ನೀರಿನ ಬಾಟಲಿ. ಕೀಲಿ ಬಿಚ್ಚಿಕೊಂಡಂತೆ ಬಾಟಲಿ ವಾಲಿ ಮುಖದ ಮೇಲೆ ನೀರು! ಅವರು ಮೊದಲು ಸಂಶಯಪಟ್ಟದ್ದು ತಮ್ಮನ್ನೇ.

ನನ್ನ ಶಿಷ್ಯನದೂ ಒಂದು ಶೋಧವಿದೆ. ಅವನ ಕಟಿಂಗ್ ಪ್ಲೇಯರಿನ ಅಲಗಿನಲ್ಲಿ ಎರಡು ಸಣ್ಣ ಕಚ್ಚುಗಳಿದ್ದವು. ಮುರಿದಿದೆ ಎಂದುಕೊಂಡೆ. "ಇಲ್ಲ ಮಿಸ್, ನಾನೇ ಅರದಲ್ಲಿ ಉಜ್ಜಿ ಮಾಡಿದ್ದು" ಎಂದ. ತಂತಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಹುಡುಗರು ಹಲ್ಲಿನಲ್ಲೇ ಕಚ್ಚಿ ಸುಲಿಯುತ್ತಾರಂತೆ. ಇವನ ಮುಂದಿನ ಹಲ್ಲಿನ ಚೂರು ಹೋದದ್ದು ಹಾಗೆಯೇ. ಬರಿಯ ಅಲಗಿನಲ್ಲಿ ಒತ್ತಿದರೆ ಒಳಗಿನ ತಾಮ್ರಕ್ಕೆ ಗಾಯವಾಗುತ್ತದೆ. ಗಾಯವಾದ ಕಡೆ ಎಳೆ ತೆಳುವಾಗಿ, ಮುಂದೆ ಯಾವಾಗಲೋ ಬಿಸಿಯಾಗಿ ಅಲ್ಲೇ ಮುರಿಯುತ್ತದೆ. ಆದ್ದರಿಂದ ಒಂದೊಂದು ದಪ್ಪದ ತಂತಿಗೆ ಒಂದೊಂದು ಕಚ್ಚು. ಪೇಟೆಯಲ್ಲಿ ಇದಕ್ಕೆಂದೇ ಸಾಧನ ಸಿಗುತ್ತದೆ. ಆದರೆ ಕಲಿಯುವ ಹುಡುಗರ ಕೈಗೆ ಮೊದಲು ಬರುವುದು ಹಳೆಯ ಪ್ಲೇಯರೇ. ಜೊತೆಗಿರುವ ಹುಡುಗನಿಗೂ ಒಂದು ಮಾಡಿಕೊಟ್ಟಿದ್ದಾನೆ. ಹಿಡಿಯ ಮೇಲಿನ ಹೊದಿಕೆಯನ್ನು ಮಾತ್ರ ಮುಟ್ಟುವುದಿಲ್ಲ. ಅದು ಹರಿದರೆ ಪ್ಲೇಯರನ್ನೇ ಎಸೆಯುತ್ತಾನೆ. "ಸಿಪ್ಪೆ ಮಾತ್ರ ಬರಬೇಕು ಮಿಸ್, ತಾಮ್ರಕ್ಕೆ ನೋವಾಗಬಾರದು."

ಈ ಮಾತು ನನ್ನನ್ನು ಚುಚ್ಚಿದ್ದಕ್ಕೆ ಕಾರಣವಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ.

ಅವನು ಎಂಟನೇ ತರಗತಿಯಲ್ಲಿದ್ದಾಗ ಮಕ್ಕಳ ಪ್ರವಾಸದ ಹಣ ನನ್ನ ಮೇಜಿನಿಂದ ಕಾಣೆಯಾಯಿತು. ಆ ವರ್ಷ ಅವರ ಮನೆಯ ಮಗ್ಗ ನಿಂತಿತ್ತು, ಮನೆಯಲ್ಲಿ ಕಷ್ಟವಿತ್ತು. ಅದು ನನಗೆ ಗೊತ್ತಿತ್ತು. ಊಟದ ಬಿಡುವಿನಲ್ಲಿ ಅವನು ತರಗತಿಯಲ್ಲೇ ಉಳಿದಿದ್ದ. ಅಷ್ಟೇ ಸಾಕಾಯಿತು. ನಲವತ್ತು ಮಕ್ಕಳ ಎದುರು ಅವನೊಬ್ಬನ ಚೀಲವನ್ನು ಮೇಜಿನ ಮೇಲೆ ಸುರಿಸಿದೆ. ಎರಡು ಪುಸ್ತಕ, ಒಂದು ಕಂಪಾಸು, ಊಟದ ಡಬ್ಬಿ. ಡಬ್ಬಿ ಖಾಲಿಯಿತ್ತು. ಊಟ ಮಾಡಿ ಖಾಲಿಯಾದದ್ದಲ್ಲ, ಒಣಗಿತ್ತು. ಅವನು ಬಿಡುವಿನಲ್ಲಿ ಒಳಗೇ ಉಳಿದದ್ದು ಯಾಕೆಂದು ಆಗ ತಿಳಿಯಿತು. ಹಣ ಸಂಜೆ ಸಿಕ್ಕಿತು, ಹಾಜರಿ ಪುಸ್ತಕದ ರಟ್ಟಿನೊಳಗೆ. ನಾನೇ ಇಟ್ಟಿದ್ದೆ. ಮರುದಿನ ತರಗತಿಯಲ್ಲಿ "ಹಣ ಸಿಕ್ಕಿತು ಮಕ್ಕಳೇ" ಎಂದೆ. ಅವನಿಗೆ ಬೇರೆಯಾಗಿ ಏನೂ ಹೇಳಲಿಲ್ಲ. ಟೀಚರು ಮಕ್ಕಳ ಹತ್ತಿರ ಕ್ಷಮೆ ಕೇಳುವುದುಂಟೇ ಎಂಬ ಕಾಲ ಅದು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಕಾಲದ ಮೇಲೆ ಹಾಕುವುದೂ ಇನ್ನೊಂದು ಸುಳ್ಳು.

ನಾನೂ ಪರೀಕ್ಷೆ ಮಾಡಿದ್ದೆ, ಅವನೂ ಮಾಡಿದ. ಅವನು ಮೊದಲು ತನ್ನ ಟೆಸ್ಟರನ್ನೇ ಪರೀಕ್ಷಿಸಿದ. ನಾನು ಮೊದಲು ನನ್ನ ಹಾಜರಿ ಪುಸ್ತಕವನ್ನು ನೋಡಬೇಕಿತ್ತು. ಅವನ ಪರೀಕ್ಷೆಯಲ್ಲಿ ಪ್ರಾಣ ಅವನದು, ಬೆರಳೂ ಅವನದೇ. ನನ್ನ ಪರೀಕ್ಷೆಯಲ್ಲಿ ನನಗೆ ಒಂದು ಕಣವೂ ತಾಗಲಿಲ್ಲ, ಸುಟ್ಟದ್ದೆಲ್ಲ ಅವನನ್ನೇ. ಒಣ ಸ್ಟೂಲಿನ ಮೇಲೆ ನಿಂತು ನೋಡಿದೆ ನಾನು.

ಮೊನ್ನೆ ಅವನು ಹಜಾರದ ಫ್ಯಾನು ನೋಡಲು ಬಂದಾಗ ಕಾಫಿ ಕೊಟ್ಟು, ಧೈರ್ಯ ಮಾಡಿ ಆ ವಿಷಯ ಎತ್ತಿದೆ. "ಅವತ್ತು ತಪ್ಪು ಮಾಡಿದೆ ಕಣಪ್ಪ. ಇಷ್ಟು ವರ್ಷ ಹೇಳಲಿಲ್ಲ." ಅವನು ಲೋಟ ನೋಡುತ್ತ ಕೂತ. ಎಲ್ಲ ಮರೆತುಹೋಗಿದೆ ಮಿಸ್ ಎನ್ನುತ್ತಾನೆ ಎಂದುಕೊಂಡೆ, ಹಾಗೆನ್ನಲಿ ಎಂದು ಆಸೆಯನ್ನೂ ಪಟ್ಟೆ. ಅವನು ಹಾಗೆನ್ನಲಿಲ್ಲ.

"ಎಲ್ಲರ ಚೀಲಾನೂ ನೋಡಿದ್ರೆ ಏನೂ ಅನ್ನಿಸ್ತಿರಲಿಲ್ಲ ಮಿಸ್" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಪ್ಪ ಆಫ್ ಮಾಡಿದ್ರೂ ಟೆಸ್ಟರ್ ಇಟ್ಟೇ ನೋಡ್ತೀನಿ. ನಾನೇ ಮಾಡಿದ್ರೂ ನೋಡ್ತೀನಿ" ಎಂದ. ಅಂದು ನಾನು ನಗುತ್ತ ಕೇಳಿದ ಪ್ರಶ್ನೆಗೆ ಇದು ಉತ್ತರವಿರಬೇಕು.

ನನಗೆ ಬೇಕಾಗಿದ್ದ ವ್ಯತ್ಯಾಸ ಅಷ್ಟೇ ಆಗಿತ್ತು. ಜನರನ್ನು ಆರಿಸಿಕೊಂಡು ಮಾಡುವ ಪರೀಕ್ಷೆ ಅನುಮಾನ. ತಂದೆಗೂ ಟೀಚರಿಗೂ ತನಗೂ ಒಂದೇ ಸಮನಾಗಿ ಮಾಡುವ ಪರೀಕ್ಷೆ ಎಚ್ಚರ. ಅನುಮಾನ ತಾಮ್ರವನ್ನೇ ಕತ್ತರಿಸುತ್ತದೆ.

ಆ ಗಾಯ ಮಾಗಿತೆಂದು ನಾನು ಹೇಳಲಾರೆ. ಅದನ್ನು ಹೇಳಬೇಕಾದವನು ಅವನು. ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದ. ನಾನು ಮೇನ್ ಸ್ವಿಚ್ಚು ಇಳಿಸಿದೆ, ಇನ್ವರ್ಟರೂ ಆರಿಸಿದೆ. ಬಂದು ಹೇಳಿದೆ: "ಎರಡೂ ಆಫ್ ಮಾಡಿದ್ದೀನಿ. ಆದ್ರೂ ನೀನೊಂದ್ಸಲ ನೋಡ್ಕೊಳ್ಳಪ್ಪ."

ಅವನು ನಕ್ಕು ಜೇಬಿಗೆ ಕೈ ಹಾಕಿದ.