ಮಳೆ ನಿಂತ ಮೇಲಿನ ಲೆಕ್ಕ

ಮುಂಗಾರು ಮುಗಿದ ಮೇಲೆ ಮಹಾರಾಷ್ಟ್ರದ ಹಿವರೆ ಬಾಜಾರ್‌ನಲ್ಲಿ ಗ್ರಾಮಸಭೆ ಸೇರುತ್ತದೆ. ಈ ಸಲ ಎಷ್ಟು ಮಿಲಿಮೀಟರ್ ಮಳೆ ಬಿತ್ತು, ಅದರಲ್ಲಿ ನೆಲಕ್ಕೆ ಇಂಗಿದ್ದೆಷ್ಟು, ಬಾವಿಗಳಲ್ಲಿ ನೀರು ಎಲ್ಲಿಗೆ ಬಂದು ನಿಂತಿದೆ ಎಂಬುದು ಮೊದಲ ಲೆಕ್ಕ. ಆಮೇಲೆ ಕಳೆಯುತ್ತಾ ಹೋಗುವುದು. ಜನಕ್ಕೆ ಕುಡಿಯಲು, ಬಳಸಲು ಇಷ್ಟು. ದನಕರುಗಳಿಗೆ ಇಷ್ಟು. ಮುಂದೆ ಬರ ಬಂದರೆ ಇರಲಿ ಎಂದು ನೆಲದಲ್ಲೇ ಬಿಡುವುದು ಇಷ್ಟು. ಮಿಕ್ಕಿದ್ದು ಹೊಲಕ್ಕೆ. ಮಿಕ್ಕಿದ್ದು ಸಾಲದು ಅನ್ನಿಸಿದರೆ ಹಿಂಗಾರಿಗೆ ಗೋಧಿ ಕಡಿಮೆ ಮಾಡಿ, ಕಡಿಮೆ ನೀರಿನ ಬೆಳೆ ಹಾಕಿ ಎಂದು ಅಲ್ಲೇ ತೀರ್ಮಾನ. ಸಂಬಳದ ದಿನ ಬಾಡಿಗೆ, ಹಾಲು, ಮಕ್ಕಳ ಫೀಜು ಎಂದು ಮೊದಲೇ ತೆಗೆದಿಟ್ಟು ಉಳಿದದ್ದರಲ್ಲಿ ತಿಂಗಳು ನೂಕುವ ಮನೆಯಾಕೆಯ ಲೆಕ್ಕ ಇದು. ಇಲ್ಲಿ ಇಡೀ ಊರೇ ಕೂತು ಹಾಕುತ್ತದೆ.

ಊರು ಇರುವುದು ಅಹಮದ್‌ನಗರ ಜಿಲ್ಲೆಯಲ್ಲಿ. ಜಿಲ್ಲೆಗೆ ಈಗ ಅಹಿಲ್ಯಾನಗರ ಎಂದು ಹೆಸರು. ಮಳೆ ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು. ಅಂಥ ಮಳೆಯಲ್ಲಿ ಬದುಕುವುದು ಎಂದರೇನು ಎಂದು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1972ರ ಬರ ಊರಿನ ಬೆನ್ನು ಮುರಿಯಿತು. ಗುಡ್ಡದ ಮರ ಸೌದೆಯಾಗಿ ಹೋಯಿತು, ಜನ ಕೂಲಿ ಹುಡುಕಿಕೊಂಡು ಪುಣೆ, ಮುಂಬೈಗೆ ಹೋದರು, ಉಳಿದವರಲ್ಲಿ ಹಲವರು ಕಳ್ಳಭಟ್ಟಿ ಕಾಯಿಸಲು ಕೂತರು. 1989ರಲ್ಲಿ ಎಂ.ಕಾಂ. ಓದಿದ, ಕ್ರಿಕೆಟ್ ಆಡಿಕೊಂಡಿದ್ದ ಪೋಪಟರಾವ್ ಪವಾರ್ ಎಂಬ ಯುವಕನನ್ನು ಅವಿರೋಧವಾಗಿ ಸರಪಂಚನನ್ನಾಗಿ ಆರಿಸಿದರು. ಮುಂದಿನ ಕಥೆ ಬೇಕಾದಷ್ಟು ಸಲ ಅಚ್ಚಾಗಿದೆ, ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಕೂಡ ಬಂತು. 1995ರಲ್ಲಿ ಬಡತನ ರೇಖೆಯ ಕೆಳಗೆ 168 ಕುಟುಂಬಗಳಿದ್ದವು, 2010ರ ಹೊತ್ತಿಗೆ ಮೂರಕ್ಕೆ ಇಳಿದವು ಎಂಬುದು ಎಲ್ಲರೂ ಹೇಳುವ ಅಂಕಿ. ಅದನ್ನು ಮತ್ತೆ ಹಾಡುವುದು ನನಗೆ ಬೇಕಿಲ್ಲ. ಆ ಅಂಕಿಯ ಹಿಂದೆ ಏನಿದೆ ಎಂಬುದಷ್ಟೇ ನನ್ನ ಕುತೂಹಲ.

ಸ್ವಾವಲಂಬಿ ಹಳ್ಳಿ ಅಂದಕೂಡಲೇ ಸರ್ಕಾರದ ದುಡ್ಡು ಮುಟ್ಟದ ಹಳ್ಳಿ ಎಂದು ಕಲ್ಪಿಸಿಕೊಳ್ಳುವವರಿದ್ದಾರೆ. ಹಿವರೆ ಬಾಜಾರ್ ಹಾಗಲ್ಲ. ಗುಡ್ಡದ ಮೇಲೆ ಸಾಲು ಸಾಲಾಗಿ ಕಂದಕ ತೋಡಿಸಿದ್ದು, ಒಡ್ಡು ಹಾಕಿಸಿದ್ದು, ಜಿನುಗು ಕೆರೆ ಕಟ್ಟಿಸಿದ್ದು ಬಹುಪಾಲು ಮಹಾರಾಷ್ಟ್ರದ ಉದ್ಯೋಗ ಖಾತರಿ, ಆದರ್ಶ ಗ್ರಾಮದಂಥ ಯೋಜನೆಗಳ ಹಣದಲ್ಲೇ. ಅದೇ ಯೋಜನೆ, ಅದೇ ಹಣ ಸುತ್ತಲಿನ ಎಷ್ಟೋ ಊರುಗಳಿಗೂ ಬಂದಿತ್ತು. ಇಲ್ಲಿನವರು ಮಾಡಿದ ಬೇರೆ ಕೆಲಸವೆಂದರೆ ತಮಗೆ ತಾವೇ ಕಟ್ಟು ಹಾಕಿಕೊಂಡದ್ದು. ಮರ ಕಡಿಯುವಂತಿಲ್ಲ. ದನ ಬಿಟ್ಟು ಮೇಯಿಸುವಂತಿಲ್ಲ. ಊರಲ್ಲಿ ಸಾರಾಯಿ ಇಲ್ಲ. ನೀರಾವರಿಗೆ ಬೋರ್‌ವೆಲ್ ಕೊರೆಸುವಂತಿಲ್ಲ, ತೆರೆದ ಬಾವಿಯೇ ಗತಿ. ಕಬ್ಬು, ಬಾಳೆ ಬೇಡ. ಹೊರಗಿನವರಿಗೆ ಜಮೀನು ಮಾರುವಂತಿಲ್ಲ. ಕಂದಕ ಯಾರ ದುಡ್ಡಿನಲ್ಲಾದರೂ ತೋಡಬಹುದು, ಬೋರ್ ಬೇಡ ಎಂದು ಪಕ್ಕದ ಹೊಲದ ಅಣ್ಣತಮ್ಮಂದಿರಿಗೆ ಹೇಳುವ ಎದೆಗಾರಿಕೆ ಯಾವ ಯೋಜನೆಯಲ್ಲೂ ಮಂಜೂರಾಗುವುದಿಲ್ಲ.

ಹೀಗೆ ಊರೇ ಕೂತು ನೀರಿನ ಲೆಕ್ಕ ಹಾಕುವುದು ನಮ್ಮ ಕಡೆಗೆ ತೀರಾ ಹೊಸದೇನೂ ಆಗಿರಲಿಲ್ಲ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತಾರೆ. ಕೆರೆ ಇದ್ದಲ್ಲೆಲ್ಲ ಹಿಂದೆ ಒಬ್ಬ ನೀರುಗಂಟಿಯೂ ಇರುತ್ತಿದ್ದ. ತೂಬಿನ ಕಲ್ಲು ಎಲ್ಲಿಯವರೆಗೆ ಮುಳುಗಿದೆ ಎಂದು ನೋಡಿಯೇ ಈ ನೀರು ಎಷ್ಟು ದಿನಕ್ಕೆ, ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆಗೆ ಬಂದೀತು ಎಂದು ಅವನು ಹೇಳಬಲ್ಲವನಾಗಿದ್ದ. ನೀರು ಕಡಿಮೆಯಿದ್ದ ವರ್ಷ ಭತ್ತ ಬೇಡ, ರಾಗಿ ಹಾಕೋಣ ಎಂದು ಊರ ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ನೀರುಗಂಟಿಯ ಕೈಯಲ್ಲಿ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅವನ ಪಾಲಿನ ಕಾಳು ಸಿಗುತ್ತಿತ್ತು. ಇದನ್ನು ಸತ್ಯಯುಗ ಮಾಡಿ ಹೇಳಬೇಕಾಗಿಲ್ಲ. ಬಹಳ ಕಡೆ ಆ ಕೆಲಸ ದಲಿತರದ್ದು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದವನಿಗೆ ಸ್ವಂತ ಗದ್ದೆ ಅಷ್ಟಕ್ಕಷ್ಟೆ.

ಆ ಲೆಕ್ಕ ಕೈತಪ್ಪಿದ್ದು ನೀರು ಕೆರೆಯಿಂದ ಕೊಳವೆಗೆ ಇಳಿದಾಗ. ಕೆರೆಯ ನೀರು ಎಲ್ಲರ ಕಣ್ಣೆದುರಿಗೆ ಇರುತ್ತದೆ, ಕೊಳವೆಬಾವಿಯದು ಯಾರಿಗೂ ಕಾಣದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ಕೊರೆಯುವುದನ್ನು ನೋಡಿದವರಿಗೆ ಗೊತ್ತು. ಲಾರಿ ಬಂದು ನಿಲ್ಲುತ್ತದೆ, ತೆಂಗಿನಕಾಯಿ ಒಡೆದು ಪೂಜೆ ಆಗುತ್ತದೆ, ಅಡಿಗೆ ಇಷ್ಟು ಎಂದು ಮಾತಾಗಿರುತ್ತದೆ. ಇನ್ನೂರು ಅಡಿ, ಐನೂರು ಅಡಿ ದಾಟಿದರೂ ಬರೀ ಬಿಳಿ ಪುಡಿ ಎದ್ದು ಸುತ್ತ ನಿಂತವರ ತಲೆ, ಹುಬ್ಬಿನ ಮೇಲೆಲ್ಲ ಕೂರುತ್ತದೆ. ರೈತ ಸುಮ್ಮನೆ ನಿಂತಿರುತ್ತಾನೆ. ಇನ್ನೊಂದು ನೂರು ಅಡಿ ಬಿಡಿ ಅನ್ನುತ್ತಾನೆ. ಸಾವಿರ ದಾಟಿದ ಮೇಲೂ ಹಾಗೇ ಅನ್ನುವವರಿದ್ದಾರೆ, ಯಾಕೆಂದರೆ ಅಷ್ಟು ಹೊತ್ತಿಗೆ ಸಾಲ ಆಗಿಹೋಗಿರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮಲ್ಲಿ ಕರೆಂಟು ಪುಕ್ಕಟೆ. ಆದ್ದರಿಂದ ನೀರು ಸಿಕ್ಕಮೇಲೆ ಎಷ್ಟು ಎತ್ತಿದೆ ಎಂದು ಲೆಕ್ಕವಿಡುವ ಪ್ರಮೇಯವೂ ಬರುವುದಿಲ್ಲ.

ಈಚೆಗೆ ಆ ಲೆಕ್ಕವನ್ನು ಸರ್ಕಾರವೇ ಕೇಳಿತು. 2019ರ ಡಿಸೆಂಬರಿನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ 6,000 ಕೋಟಿ ರೂಪಾಯಿಯದು, ಅರ್ಧ ವಿಶ್ವಬ್ಯಾಂಕಿನ ಸಾಲ. ಅದನ್ನು ಕೈಗೆತ್ತಿಕೊಂಡ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಯ್ದ ಪಂಚಾಯಿತಿಗಳು ನೀರಿನ ಬಜೆಟ್ ಮಾಡಬೇಕಿತ್ತು, ಜಲಭದ್ರತಾ ಯೋಜನೆ ಬರೆಯಬೇಕಿತ್ತು. ಒಳ್ಳೆಯ ಕೆಲಸವೇ, ಅನುಮಾನವಿಲ್ಲ. ಆದರೆ ನಮ್ಮ ಗ್ರಾಮಸಭೆಗಳಿಗೆ ಕೂತು ಬಂದವರು ಹೇಳಲಿ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಕಡೆಯವರು, ಹಿಂದೆ ಸ್ವಸಹಾಯ ಸಂಘದಿಂದ ಕರೆತಂದ ಹೆಂಗಸರು. ಮನೆ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ ಎಂಬ ಫಲಾನುಭವಿ ಪಟ್ಟಿ ಬಂದಾಗ ಮಾತ್ರ ಸಭೆಗೆ ಜೀವ. ನೀರಿನ ಲೆಕ್ಕವನ್ನು ಪಿಡಿಒ ಸಾಹೇಬರು ಗಡಗಡನೆ ಓದಿ ಮುಗಿಸಿದರೆ ಯಾರೂ ಎದ್ದು ಕೇಳುವುದಿಲ್ಲ, ಸಹಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ನೀರು ಇಷ್ಟೇ ಇದೆ ಎಂದು ಕೇಳಿದ ಮೇಲೂ ನಾಳೆ ಬೆಳಿಗ್ಗೆ ಒಬ್ಬನಾದರೂ ತನ್ನ ಬೆಳೆ ಬದಲಿಸದಿದ್ದರೆ ಅಂಥ ಬಜೆಟ್ ಕಡತಕ್ಕಷ್ಟೇ ಆಯಿತು.

ಹಾಗಂತ ಊರು ಕಟ್ಟು ಹಾಕಿದ್ದೆಲ್ಲ ನ್ಯಾಯ ಎಂದೂ ಅಲ್ಲ. ಬಿಟ್ಟು ಮೇಯಿಸಬೇಡಿ ಎಂದರೆ ಹತ್ತು ಎಕರೆಯ ಗೌಡರಿಗೆ ಏನೂ ಆಗುವುದಿಲ್ಲ, ಅವರ ಹೊಲದ ಬದುವಿನಲ್ಲೇ ಹುಲ್ಲಿದೆ. ನಾಲ್ಕು ಆಡು ಬಿಟ್ಟರೆ ಬೇರೆ ಆಸ್ತಿಯಿಲ್ಲದವಳ ಪಾಡೇನು? ಗುಡ್ಡ ಹಸಿರಾದರೆ ಬಾವಿಯಲ್ಲಿ ನೀರು ಏರುತ್ತದೆ ಸರಿ, ಬಾವಿ ಇರುವುದು ಯಾರ ಹೊಲದಲ್ಲಿ?

ಈ ಪ್ರಶ್ನೆಗೆ ಸರಿಯಾಗಿ ಮುಖ ಕೊಟ್ಟ ಊರು ಹರಿಯಾಣದ ಸುಖೋಮಾಜ್ರಿ. ಚಂಡೀಗಢದ ಸುಖನಾ ಸರೋವರಕ್ಕೆ ಹೂಳು ತುಂಬುತ್ತಿತ್ತು. ಮಣ್ಣು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾ ಪಿ.ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣಾ ವಿಜ್ಞಾನಿ 1970ರ ದಶಕದಲ್ಲಿ ಶಿವಾಲಿಕ ಬೆಟ್ಟದ ಈ ಹಳ್ಳಿಗೆ ಬಂದರು. ಬೋಳು ಗುಡ್ಡದ ಮೇಲೆ ಆಡು ಮೇಯುತ್ತಿದ್ದವು. ಮೇಯಿಸಬೇಡಿ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಅಲ್ಲೇ ಸಣ್ಣ ಮಣ್ಣಿನ ಅಣೆಕಟ್ಟು ಕಟ್ಟಿದರು. ನೀರು ನಿಂತಿತು, ಅದರ ಹಿಂದೆಯೇ ಜಗಳವೂ ಬಂತು. ಜಮೀನಿದ್ದವರಿಗೆ ನೀರು, ಇಲ್ಲದವರಿಗೆ ಗುಡ್ಡ ಕಾಯುವ ಕೆಲಸ ಮಾತ್ರವೇ? ಕೊನೆಗೆ ಊರು ಒಪ್ಪಿದ್ದು ಇದಕ್ಕೆ: ಜಮೀನು ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮ ಪಾಲು. ಹೊಲವಿಲ್ಲದವರು ತಮ್ಮ ಪಾಲನ್ನು ಹೊಲವಿದ್ದವರಿಗೆ ಮಾರಿಕೊಳ್ಳಬಹುದು. ಆಮೇಲೆ ಗುಡ್ಡಕ್ಕೆ ಬೇಲಿ ಬೇಕಾಗಲಿಲ್ಲ, ಆಡಿನ ಜಾಗಕ್ಕೆ ಎಮ್ಮೆ ಬಂತು, ಗುಡ್ಡದ ಭಾಬರ್ ಹುಲ್ಲು ಕಾಗದದ ಕಾರ್ಖಾನೆಗೆ ಹೋಗಿ ಊರಿನ ಸಂಘಕ್ಕೆ ಹಣ ತಂದಿತು. ವರ್ಷಗಳು ಕಳೆದಂತೆ ಆ ಪದ್ಧತಿ ಮೊದಲಿನಂತೆ ಉಳಿಯಲಿಲ್ಲ ನಿಜ. ಆದರೆ ಗುಂಟೆ ನೆಲವಿಲ್ಲದವನ ಹೆಸರಲ್ಲೂ ನೀರು ಬರೆದುಕೊಟ್ಟ ಊರು ನಮ್ಮ ದೇಶದಲ್ಲಿ ಇನ್ನೆಷ್ಟು ಸಿಕ್ಕೀತು?

ನಮ್ಮ ಪಂಚಾಯಿತಿಗಳು ಗೋಮಾಳಕ್ಕೆ ಗಿಡ ನೆಡುವ, ಕೆರೆ ಹೂಳು ಎತ್ತುವ ತೀರ್ಮಾನ ಮಾಡುವಾಗ ಹೂಳು ಯಾರ ಹೊಲಕ್ಕೆ, ಹುಲ್ಲು ಯಾರ ದನಕ್ಕೆ ಎಂದು ಕೇಳುವವರು ಸಭೆಯಲ್ಲಿರಬೇಕು. ಗ್ರಾಮಸಭೆಯ ನೋಟಿಸಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 11 ಗಂಟೆ ಎಂದಿರುತ್ತದೆ. ಆ ಹೊತ್ತಿಗೆ ಕೂಲಿಯವರು ಹೊಲದಲ್ಲಿ, ಆಡು ಕಾಯುವವರು ಗುಡ್ಡದಲ್ಲಿ. ಸಂಜೆ ಏಳಕ್ಕೆ ಕರೆದರೆ ಬರುತ್ತಾರೆ. ಪಿಡಿಒ ಸಾಹೇಬರಿಗೆ ಕೊನೆಯ ಬಸ್ಸು ತಪ್ಪುತ್ತದೆ, ಅಷ್ಟೆ.